ನಾರ್ತ್ ಅವೆನ್ಯೂದಿಂದ ತೊಗರಿ ಹೊಲದವರೆಗೆ: ಸಂಸದರೊಬ್ಬರ ಜೊತೆ ಒಂದು ವಾರ

ಭಾನುವಾರ

ಕರ್ನಾಟಕ ಎಕ್ಸ್‌ಪ್ರೆಸ್ ರಾಯಚೂರು ಬಿಟ್ಟ ಮೇಲೆ ಯಾದಗಿರಿ, ವಾಡಿ, ಕಲಬುರಗಿ ದಾಟಿ ಸೊಲ್ಲಾಪುರದ ಕಡೆಗೆ ಸಾಗುವವರೆಗೂ ಹಳಿಯ ಎರಡೂ ಬದಿಗೆ ಕಣ್ಣಿಗೆ ಬೀಳುವುದು ತೊಗರಿಯ ಹೊಲಗಳೇ. ಡಿಸೆಂಬರ್ ತಿಂಗಳಾದ್ದರಿಂದ ಕಾಯಿ ಬಲಿತಿತ್ತು, ಕೆಲವು ಕಡೆ ಕೊಯ್ಲೂ ಶುರುವಾಗಿತ್ತು. ಬೆಳೆ ಕಣಕ್ಕೆ ಬರುವ ಹೊತ್ತಿಗೇ ಸಂಸತ್ತಿನ ಚಳಿಗಾಲದ ಅಧಿವೇಶನವೂ ನಡೆಯುತ್ತದೆ. ನಮ್ಮ ಭಾಗದ ಲೋಕಸಭಾ ಸದಸ್ಯರೊಬ್ಬರು ಅಧಿವೇಶನದ ಒಂದು ವಾರ ತಮ್ಮ ಜೊತೆಗಿದ್ದು ಕೆಲಸ ನೋಡಲು ಒಪ್ಪಿದ್ದರು. ತಮ್ಮ ಹೆಸರು, ಪಕ್ಷ, ಕ್ಷೇತ್ರ ಯಾವುದನ್ನೂ ಬರೆಯಬಾರದು ಎಂಬುದಷ್ಟೇ ಅವರು ಹಾಕಿದ ಷರತ್ತು. ನನಗೂ ಬೇಕಿದ್ದದ್ದು ವ್ಯಕ್ತಿಯ ಪರಿಚಯವಲ್ಲ, ಆ ಹುದ್ದೆಯ ದುಡಿಮೆಯ ಪರಿಚಯ.

ನಾವು ಸಂಸದರನ್ನು ಅಳೆಯುವ ಕೋಲು ಸರಿಯಿಲ್ಲ ಎಂಬ ಅನುಮಾನ ನನಗೆ ಬಹಳ ದಿನಗಳಿಂದ ಇತ್ತು. ಟಿವಿಯಲ್ಲಿ ಎಷ್ಟು ಹೊತ್ತು ಕಾಣಿಸಿಕೊಂಡರು, ಊರಿನ ಎಷ್ಟು ಮದುವೆಗಳಿಗೆ ಬಂದರು ಎಂದು ಕೇಳುತ್ತೇವೆ. ಯಾವ ಪ್ರಶ್ನೆ ಕೇಳಿದರು, ಯಾವ ಸಮಿತಿಯಲ್ಲಿ ಕೂತರು ಎಂದು ಕೇಳುವುದಿಲ್ಲ. ಕರ್ನಾಟಕದ 28 ಲೋಕಸಭಾ ಕ್ಷೇತ್ರಗಳಲ್ಲಿ ಪ್ರತಿಯೊಂದೂ 8 ವಿಧಾನಸಭಾ ಕ್ಷೇತ್ರಗಳನ್ನು ಒಳಗೊಂಡಿದೆ. ಎಂಟು ಶಾಸಕರು ಪ್ರತಿನಿಧಿಸುವ ಅಷ್ಟು ಊರುಗಳಿಗೆ ಇವರು ಒಬ್ಬರೇ, ಅದೂ ವರ್ಷದ ಒಂದಷ್ಟು ತಿಂಗಳು ಸಾವಿರಾರು ಕಿಲೋಮೀಟರ್ ದೂರದಲ್ಲಿದ್ದುಕೊಂಡು.

ದಿಲ್ಲಿಯ ನಾರ್ತ್ ಅವೆನ್ಯೂದಲ್ಲಿರುವ ಸಂಸದರ ಫ್ಲ್ಯಾಟ್ ತಲುಪಿದಾಗ ಅವರು ಮಂಗಳವಾರದ ತಮ್ಮ ನಕ್ಷತ್ರ ಗುರುತಿನ ಪ್ರಶ್ನೆಯ ಕಡತ ತೆರೆದು ಕೂತಿದ್ದರು. ಒಂದು ಪ್ರಶ್ನೆ ಸದನದವರೆಗೆ ಬರುವ ದಾರಿಯನ್ನು ನಾನು ಸರಿಯಾಗಿ ತಿಳಿದುಕೊಂಡದ್ದು ಆ ಸಂಜೆ. ಕನಿಷ್ಠ 15 ಪೂರ್ಣ ದಿನ ಮೊದಲೇ ಸೂಚನೆ ಕೊಡಬೇಕು. ಪ್ರಶ್ನೆ 150 ಪದ ಮೀರಬಾರದು. ಬಂದ ಸೂಚನೆಗಳನ್ನು ಲಾಟರಿ ಎತ್ತಿ ಕ್ರಮಕ್ಕೆ ಹಚ್ಚುತ್ತಾರೆ. ಒಂದು ದಿನದ ಪಟ್ಟಿಗೆ ಸೇರುವ ನಕ್ಷತ್ರ ಗುರುತಿನ ಪ್ರಶ್ನೆಗಳು 20 ಮಾತ್ರ. ಇವುಗಳಿಗೆ ಮಂತ್ರಿ ಸದನದಲ್ಲಿ ಬಾಯಿಮಾತಿನಲ್ಲೇ ಉತ್ತರಿಸಬೇಕು, ಕೇಳಿದವರು ಅಲ್ಲಿಯೇ ಎದ್ದು ಉಪಪ್ರಶ್ನೆ ಹಾಕಬಹುದು. ನಕ್ಷತ್ರ ಗುರುತಿಲ್ಲದ ಪ್ರಶ್ನೆಗಳು ದಿನಕ್ಕೆ 230ರವರೆಗೆ ಇರುತ್ತವೆ. ಅವುಗಳಿಗೆ ಸಿಗುವುದು ಲಿಖಿತ ಉತ್ತರ ಮಾತ್ರ.

ಇವರ ಪ್ರಶ್ನೆ ತೊಗರಿಯದು. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ತೊಗರಿಗೆ ಕ್ವಿಂಟಲ್‌ಗೆ 8,000 ರೂಪಾಯಿ ಬೆಂಬಲ ಬೆಲೆ ನಿಗದಿ ಮಾಡಿದೆ. ಆದರೆ 2021ರ ಮೇ ತಿಂಗಳಿಂದ ತೊಗರಿಯ ಆಮದು ಮುಕ್ತವಾಗಿದ್ದು, ಮೊಜಾಂಬಿಕ್, ಮ್ಯಾನ್ಮಾರ್, ಮಲಾವಿ ದೇಶಗಳಿಂದ ತರಿಸಿಕೊಳ್ಳುವ ಒಪ್ಪಂದಗಳೂ ಇವೆ. ಹೊರಗಿನ ಕಾಳು ಹೆಚ್ಚು ಬಂದ ವರ್ಷ ನಮ್ಮ ಮಾರುಕಟ್ಟೆಯ ದರ ಬೆಂಬಲ ಬೆಲೆಗಿಂತ ಕೆಳಗಿಳಿಯುತ್ತದೆ. ಆಗ ರೈತನಿಗೆ ಉಳಿಯುವ ದಾರಿ ಖರೀದಿ ಕೇಂದ್ರವೊಂದೇ. ತೊಗರಿ, ಉದ್ದು, ಮಸೂರ ಈ ಮೂರನ್ನು ಇನ್ನು ನಾಲ್ಕು ವರ್ಷ ರೈತರು ತಂದಷ್ಟೂ ಕೇಂದ್ರದ ಸಂಸ್ಥೆಗಳು ಕೊಳ್ಳುತ್ತವೆ ಎಂದು 2025ರ ಬಜೆಟ್ ಹೇಳಿತ್ತು. ಇದು ದೊಡ್ಡ ಮಾತೇ. ಆದರೆ ಖರೀದಿ ಕೇಂದ್ರದಲ್ಲಿ ಹೆಸರು ನೋಂದಾಯಿಸಲು ಜಮೀನಿನ ದಾಖಲೆ ಬೇಕು. ಪಾಲಿಗೋ ಲಾವಣಿಗೋ (ಗೇಣಿಗೆ ನಮ್ಮ ಕಡೆ ಹೀಗೆನ್ನುತ್ತಾರೆ) ಹೊಲ ಹಿಡಿದು ಬೆಳೆದವನ ಬಳಿ ಆ ದಾಖಲೆ ಎಲ್ಲಿಂದ ಬರಬೇಕು? ಕರ್ನಾಟಕದಲ್ಲಿ 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಕೃಷಿ ಜಮೀನನ್ನು ಗೇಣಿಗೆ ಕೊಡುವುದೇ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಕಾನೂನಿಗೆ ಒಪ್ಪಿಗೆಯಿಲ್ಲ. ಹೀಗಾಗಿ ಲಾವಣಿಯ ಕರಾರೆಲ್ಲ ಬಾಯಿಮಾತಿನಲ್ಲೇ ಉಳಿಯುತ್ತದೆ. ಉಳುವವನಿಗೆ ನೆಲ ಕೊಡಿಸಲೆಂದು ಬಂದ ಕಾನೂನು ಐವತ್ತು ವರ್ಷಗಳ ನಂತರ ಇನ್ನೊಬ್ಬ ಉಳುವವನನ್ನು ಕಾಗದದ ಹೊರಗೆ ನಿಲ್ಲಿಸಿದೆ.

ಪ್ರಶ್ನೆಯನ್ನು ಹೀಗೆಯೇ ಬರೆದು ಕಳಿಸುವಂತಿರಲಿಲ್ಲ. ಭೂಮಿ ಮತ್ತು ಕೃಷಿ ರಾಜ್ಯಪಟ್ಟಿಯ ವಿಷಯಗಳು. ರಾಜ್ಯಕ್ಕೆ ಸೇರಿದ ವಿಷಯವನ್ನು ಸಂಸತ್ತಿನಲ್ಲಿ ಕೇಳಿದರೆ ಪ್ರಶ್ನೆ ಅಂಗೀಕಾರವಾಗುವುದಿಲ್ಲ. ಅದಕ್ಕಾಗಿ ಸಂಸದರು ಮತ್ತು ಅವರ ಆಪ್ತ ಸಹಾಯಕರು ಲಾವಣಿಯ ಮಾತನ್ನೇ ಬಿಟ್ಟು, ಕೇಂದ್ರದ ಬೆಲೆ ಬೆಂಬಲ ಯೋಜನೆಯ ಮಾರ್ಗಸೂಚಿ ಯಾರನ್ನು ‘ರೈತ’ ಎಂದು ಪರಿಗಣಿಸುತ್ತದೆ ಎಂದು ಕೇಳಿದ್ದರು. ಲಾವಣಿಯವರ ಪಾಡನ್ನು ಉಪಪ್ರಶ್ನೆಗೆಂದು ಉಳಿಸಿಕೊಂಡಿದ್ದರು. ಆ ಉಪಪ್ರಶ್ನೆಯನ್ನು ಭಾನುವಾರ ರಾತ್ರಿ ಮತ್ತೆ ಮತ್ತೆ ಕಡಿದು, ಅರ್ಧ ನಿಮಿಷದಲ್ಲಿ ಹೇಳಿ ಮುಗಿಸುವಷ್ಟಕ್ಕೆ ತಂದರು.

ಸೋಮವಾರ

ಬೆಳಿಗ್ಗೆ ಏಳು ಗಂಟೆಗೆ ಮನೆಯ ಮುಂದಿನ ಕೋಣೆಯಲ್ಲಿ ಊರಿನಿಂದ ಬಂದ ಜನ ಕೂತಿದ್ದರು. ಒಬ್ಬರಿಗೆ ಮಗಳ ಹೃದಯದ ಶಸ್ತ್ರಚಿಕಿತ್ಸೆಗೆ ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಯಿಂದ ನೆರವು ಬೇಕು. ಅದಕ್ಕೆ ಸಂಸದರ ಶಿಫಾರಸು ಪತ್ರ ಬೇಕು. ಇನ್ನೊಬ್ಬರ ರೈಲು ಟಿಕೆಟ್ ಕಾಯುವ ಪಟ್ಟಿಯಲ್ಲಿದೆ. ತುರ್ತು ಕೋಟಾಕ್ಕೆ ಪತ್ರ ಬೇಕು. ಮತ್ತೊಬ್ಬರು ಮೊಮ್ಮಗನನ್ನು ಕೇಂದ್ರೀಯ ವಿದ್ಯಾಲಯಕ್ಕೆ ಸೇರಿಸಬೇಕೆಂದು ಬಂದಿದ್ದರು. ಸಂಸದರಿಗೆ ವರ್ಷಕ್ಕೆ 10 ಸೀಟುಗಳ ಶಿಫಾರಸು ಮಾಡುವ ಅವಕಾಶ ಮೊದಲು ಇತ್ತು, 2022ರಲ್ಲಿ ಅದು ರದ್ದಾಯಿತು. “ಅದು ಈಗ ನನ್ನ ಕೈಯಾಗ ಇಲ್ರಿ ಯಜಮಾನ್ರ” ಎಂದು ಸಂಸದರು ಕೂರಿಸಿಕೊಂಡು ವಿವರಿಸಿದರೂ ಹಿರಿಯರ ಮುಖದಲ್ಲಿ ನಂಬಿಕೆ ಮೂಡಲಿಲ್ಲ. ಕೊಡುವ ಮನಸ್ಸಿಲ್ಲದೆ ಹೀಗೆ ಹೇಳುತ್ತಿದ್ದಾರೆ ಎಂದುಕೊಂಡೇ ಅವರು ಎದ್ದು ಹೋದರು. ರದ್ದತಿಯಿಂದ ಒಳ್ಳೆಯದೇ ಆಯಿತು ಎಂಬುದು ನನ್ನ ಅಭಿಪ್ರಾಯ. ಸಾವಿರ ಅರ್ಜಿಗಳಲ್ಲಿ ಹತ್ತನ್ನು ಆರಿಸುವ ಹೊಣೆ ಜನಪ್ರತಿನಿಧಿಯನ್ನು ದಾನಿಯನ್ನಾಗಿ ಮಾಡುತ್ತದೆ.

ಸಂಸದರ ನಿಧಿಯ ಬಗ್ಗೆಯೂ ಇಂಥದೇ ತಪ್ಪು ತಿಳಿವಳಿಕೆ ಇದೆ. 1993ರ ಡಿಸೆಂಬರ್‌ನಲ್ಲಿ ಆರಂಭವಾದ ಈ ಯೋಜನೆಯಲ್ಲಿ ಈಗ ವರ್ಷಕ್ಕೆ 5 ಕೋಟಿ ರೂಪಾಯಿ ಇದೆ. ಹಣ ಸಂಸದರ ಕೈಗೆ ಬರುವುದಿಲ್ಲ. ಅವರು ಕಾಮಗಾರಿಯನ್ನು ಶಿಫಾರಸು ಮಾಡುತ್ತಾರೆ, ಮಂಜೂರು ಮಾಡಿ ಮಾಡಿಸುವುದು ಜಿಲ್ಲಾಡಳಿತ. ಶೇ 15ರಷ್ಟು ಪರಿಶಿಷ್ಟ ಜಾತಿಯವರು, ಶೇ 7.5ರಷ್ಟು ಪರಿಶಿಷ್ಟ ಪಂಗಡದವರು ವಾಸಿಸುವ ಪ್ರದೇಶಗಳಿಗೆ ಹೋಗಬೇಕು. ಎಂಟು ವಿಧಾನಸಭಾ ಕ್ಷೇತ್ರಗಳಿಗೆ ಸಮನಾಗಿ ಹಂಚಿದರೆ ಒಂದೊಂದಕ್ಕೆ 62.5 ಲಕ್ಷ ರೂಪಾಯಿ ಬರುತ್ತದೆ. ಆದರೂ ಪ್ರತಿ ಹಳ್ಳಿಯ ಸಮುದಾಯ ಭವನದ ನಿರೀಕ್ಷೆ ಈ ಒಂದು ನಿಧಿಯ ಮೇಲಿದೆ.

ಮಧ್ಯಾಹ್ನ ಪಕ್ಷದ ವಿಪ್ ಬಂತು: ಮಸೂದೆಯೊಂದರ ಮೇಲೆ ಮತದಾನವಿರುವುದರಿಂದ ಎಲ್ಲರೂ ಹಾಜರಿದ್ದು ಪಕ್ಷದ ನಿಲುವಿಗೆ ಮತ ಹಾಕಬೇಕು ಎಂಬ, ಕೆಳಗೆ ಮೂರು ಗೆರೆ ಎಳೆದ ಕಟ್ಟುನಿಟ್ಟಿನ ಆದೇಶ. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿಯ ಪ್ರಕಾರ ವಿಪ್ ಮೀರಿದವರು ಸದಸ್ಯತ್ವವನ್ನೇ ಕಳೆದುಕೊಳ್ಳಬಹುದು. ಮಸೂದೆಯ ಬಗ್ಗೆ ಅವರ ಸ್ವಂತ ಅಭಿಪ್ರಾಯವೇನೆಂದು ನಾನು ಕೇಳಿದೆ. ಅವರು ಅದಕ್ಕೆ ಉತ್ತರಿಸದೆ ಬೇರೊಂದು ಮಾತು ಹೇಳಿದರು: “ಮತದಾನದಲ್ಲಿ ನಾನು ಪಕ್ಷದವನು. ಪ್ರಶ್ನೋತ್ತರದಲ್ಲಿ, ಸಮಿತಿಯಲ್ಲಿ ನಾನು ಕ್ಷೇತ್ರದವನು. ವಿಪ್ ಅಲ್ಲಿಗೆ ಬರುವುದಿಲ್ಲ. ನನ್ನ ಕೆಲಸ ನೋಡಬೇಕಾದರೆ ಅಲ್ಲಿ ನೋಡಿ.” ಅವರ ವಾರವನ್ನು ನಾನು ಓದಿಕೊಂಡದ್ದು ಈ ಮಾತಿನ ಮೂಲಕವೇ.

ಮಂಗಳವಾರ

ಸಂಸದರ ಶಿಫಾರಸಿನಿಂದ ಪ್ರೇಕ್ಷಕರ ಗ್ಯಾಲರಿಯ ಪಾಸ್ ಸಿಕ್ಕಿತ್ತು. 2023ರ ಡಿಸೆಂಬರ್ 13ರಂದು ಗ್ಯಾಲರಿಯಿಂದ ಇಬ್ಬರು ಸದನಕ್ಕೆ ಹಾರಿದ ಘಟನೆಯ ನಂತರ ತಪಾಸಣೆ ಬಿಗಿಯಾಗಿದೆ. ಫೋನು, ಚೀಲ ಎಲ್ಲವನ್ನೂ ಹೊರಗೇ ಬಿಡಬೇಕು. ದಾರಿಯಲ್ಲಿ ಹಳೆಯ ಕಟ್ಟಡ ಕಾಣುತ್ತದೆ. 1927ರಲ್ಲಿ ತೆರೆದ, 144 ಕಂಬಗಳ ಆ ವೃತ್ತಾಕಾರದ ಭವನಕ್ಕೆ ಈಗ ಸಂವಿಧಾನ ಸದನ ಎಂದು ಹೆಸರು. ಸಂಸತ್ತಿನ ಆವರಣದಲ್ಲಿ ಬಸವೇಶ್ವರರ ಪ್ರತಿಮೆಯೂ ಇದೆ. 2023ರ ಮೇ 28ರಂದು ಉದ್ಘಾಟನೆಯಾದ ಹೊಸ ಭವನದ ಲೋಕಸಭೆಗೆ ನವಿಲಿನ ವಿನ್ಯಾಸ. ಸದಸ್ಯರು 543 ಮಂದಿಯಾದರೂ ಆಸನಗಳು 888 ಇವೆ. ಕ್ಷೇತ್ರಗಳ ಮರುವಿಂಗಡಣೆಯಾದ ಮೇಲೆ ಬರಬಹುದಾದವರಿಗೂ ಜಾಗ ಮಾಡಿಟ್ಟಿದ್ದಾರೆ.

ಹನ್ನೊಂದು ಗಂಟೆಗೆ ಸಭಾಧ್ಯಕ್ಷರು ಬಂದರು, ಎಲ್ಲರೂ ಎದ್ದು ನಿಂತರು. ನಮ್ಮ ಸಂಸದರ ಪ್ರಶ್ನೆ ಪಟ್ಟಿಯ ಮೊದಲ ಕೆಲವು ಪ್ರಶ್ನೆಗಳಲ್ಲೇ ಇತ್ತು, ಅಂದರೆ ಬಾಯಿಮಾತಿನ ಉತ್ತರ ಸಿಗುವ ಭರವಸೆ ಇತ್ತು. ಮೇಲಿನಿಂದ ನೋಡಿದರೆ ಅವರು ತಮ್ಮ ಹಾಳೆಯನ್ನು ಮಡಿಸಿ, ಬಿಡಿಸಿ, ಮತ್ತೆ ಮಡಿಸುತ್ತಿದ್ದುದು ಕಾಣುತ್ತಿತ್ತು. ಮೊದಲ ಪ್ರಶ್ನೆಯ ಸಂಖ್ಯೆ ಕೂಗುವಷ್ಟರಲ್ಲಿ ಘೋಷಣೆಗಳು ಎದ್ದವು. ಫಲಕಗಳು ಹೊರಬಂದವು, ಸಭಾಧ್ಯಕ್ಷರ ಪೀಠದ ಮುಂದಿನ ಜಾಗ ತುಂಬಿತು. ಯಾವ ಬದಿಯವರು ಕೂಗಿದರು ಎಂಬುದನ್ನು ಬರೆಯುವುದಿಲ್ಲ, ಏಕೆಂದರೆ ಅಧಿಕಾರದ ಬದಿ ಬದಲಾದಾಗಲೆಲ್ಲ ಕೂಗುವವರೂ ಬದಲಾಗಿದ್ದಾರೆ. ಗದ್ದಲದ ನಡುವೆಯೇ ಒಂದು ಪ್ರಶ್ನೆ ಅರ್ಧ ನಡೆಯಿತು. ಆಮೇಲೆ ಸದನವನ್ನು ಹನ್ನೆರಡರವರೆಗೆ ಮುಂದೂಡಲಾಯಿತು. ಪ್ರಶ್ನೋತ್ತರದ ವೇಳೆ ಇರುವುದೇ ಹನ್ನೊಂದರಿಂದ ಹನ್ನೆರಡರವರೆಗೆ.

ನಿಯಮದ ಪ್ರಕಾರ, ಬಾಯಿಮಾತಿನ ಉತ್ತರ ಸಿಗದ ಪ್ರಶ್ನೆಗಳಿಗೆ ಲಿಖಿತ ಉತ್ತರವನ್ನು ಸದನದಲ್ಲಿ ಮಂಡಿಸಿದಂತೆ ಪರಿಗಣಿಸುತ್ತಾರೆ. ಆದ್ದರಿಂದ ಪ್ರಶ್ನೆ ಸತ್ತಿತು ಎನ್ನುವಂತಿಲ್ಲ. ಬೆಂಬಲ ಬೆಲೆ, ಖರೀದಿಯ ಮಿತಿ, ಆಮದಿನ ವಿವರ ಎಲ್ಲವೂ ಮುದ್ರಿತ ಉತ್ತರದಲ್ಲಿದ್ದವು. ರೈತರ ನೋಂದಣಿ ಆಯಾ ರಾಜ್ಯದ ವ್ಯವಸ್ಥೆಯ ಮೂಲಕ ಆಗುತ್ತದೆ ಎಂದು ಒಂದು ಸಾಲೂ ಇತ್ತು. ತಪ್ಪಿಲ್ಲದ ಉತ್ತರ ಅದು. ಆದರೆ ಆ ಸಾಲು ಮುಗಿದಲ್ಲಿ ಏಳಬೇಕಿದ್ದ ಉಪಪ್ರಶ್ನೆ ಹಾಳೆಯಲ್ಲೇ ಉಳಿಯಿತು. ಲಿಖಿತ ಉತ್ತರವನ್ನು ಎದುರು ಪ್ರಶ್ನೆ ಹಾಕಿ ತಡೆಯಲು ಸಾಧ್ಯವಿಲ್ಲ. ಮಂತ್ರಿ ಎದ್ದು ನಿಂತು “ಪರಿಶೀಲಿಸುತ್ತೇವೆ” ಎಂದಷ್ಟೇ ಅಂದಿದ್ದರೂ ಅದೊಂದು ಭರವಸೆಯಾಗಿ ದಾಖಲಾಗುವ ಸಾಧ್ಯತೆ ಇತ್ತು. ಸರ್ಕಾರ ಕೊಟ್ಟ ಭರವಸೆಗಳ ಬೆನ್ನುಹತ್ತಲೆಂದೇ ಸಂಸತ್ತಿನಲ್ಲಿ ಒಂದು ಸಮಿತಿಯಿದೆ. ಮೂರು ತಿಂಗಳೊಳಗೆ ಈಡೇರಿಸಬೇಕೆಂಬ ಗಡುವೂ ಇದೆ. ಗದ್ದಲದಲ್ಲಿ ಕಳೆದುಹೋದದ್ದು ಆ ಒಂದು ಮಾತು.

ಗದ್ದಲವೂ ಪ್ರತಿಭಟನೆಯ ಒಂದು ರೂಪ ಎಂಬ ವಾದ ನನಗೆ ಗೊತ್ತಿದೆ. ಚರ್ಚೆಗೆ ಅವಕಾಶವೇ ಸಿಗದಾಗ ಬೇರೇನು ಮಾಡಬೇಕೆಂದು ಕೇಳುವವರ ಸಂಕಟವೂ ನಿಜ. ಆದರೆ ಪ್ರಶ್ನೋತ್ತರದ ವೇಳೆ ನಿಂತುಹೋದರೆ ಮಂತ್ರಿಗಳಿಗೆ ಬಿಡುವು ಸಿಗುತ್ತದೆ, ಹಿಂದಿನ ಸಾಲಿನ ಸದಸ್ಯರಿಗೆ ವಾರಗಳ ಶ್ರಮ ಹೋಗುತ್ತದೆ. ಮೊದಲ ಲೋಕಸಭೆ ತನ್ನ ಅವಧಿಯಲ್ಲಿ 677 ದಿನ ಸೇರಿತ್ತು. ಹದಿನೇಳನೆಯದು ಸೇರಿದ್ದು 274 ದಿನ. ಸದನ ಸೇರುವ ದಿನಗಳೇ ಇಷ್ಟು ಕಡಿಮೆಯಾಗಿರುವಾಗ ಕಳೆದುಕೊಳ್ಳುವ ಒಂದೊಂದು ಗಂಟೆಯೂ ದುಬಾರಿ.

ಸಂಜೆ ಅವರು ಮನೆಗೆ ಬಂದಾಗ ಕೋಪವಿರಲಿಲ್ಲ. ಉತ್ತರದ ಪ್ರತಿಯಲ್ಲಿ ಆ ಒಂದು ಸಾಲಿಗೆ ಕೆಂಪು ಗೆರೆ ಎಳೆದು, “ನಾಳೆ ಸಮಿತಿಯಲ್ಲಿ ನೋಡೋಣ” ಎಂದರು.

ಬುಧವಾರ

ಇಲಾಖಾವಾರು ಸ್ಥಾಯಿ ಸಮಿತಿಗಳು ಹುಟ್ಟಿದ್ದು 1993ರಲ್ಲಿ. ಈಗ ಅವು 24 ಇವೆ. ಪ್ರತಿಯೊಂದರಲ್ಲೂ ಲೋಕಸಭೆಯಿಂದ 21, ರಾಜ್ಯಸಭೆಯಿಂದ 10, ಒಟ್ಟು 31 ಸದಸ್ಯರು. ಮಂತ್ರಿಗಳಾದವರು ಇವುಗಳ ಸದಸ್ಯರಾಗುವಂತಿಲ್ಲ. ಸಮಿತಿಯ ಮುಂದೆ ಬಂದು ಕೂರುವವರು ಇಲಾಖೆಯ ಕಾರ್ಯದರ್ಶಿ ಮತ್ತು ಹಿರಿಯ ಅಧಿಕಾರಿಗಳು. ಹೊರಗಿನವರಿಗೆ ಒಳಗೆ ಪ್ರವೇಶವಿಲ್ಲ, ಕ್ಯಾಮೆರಾಗಳಿಲ್ಲ; ವರದಿ ಸದನದಲ್ಲಿ ಮಂಡನೆಯಾಗುವವರೆಗೆ ಅಲ್ಲಿನ ಮಾತು ಗೋಪ್ಯ.

ಹೀಗಾಗಿ ವಾರದ ಅತಿ ಮುಖ್ಯವಾದ ಮೂರು ಗಂಟೆಗಳನ್ನು ನಾನು ನೋಡಲಿಲ್ಲ. ನೋಡಿದ್ದು ಅದರ ಸಿದ್ಧತೆಯನ್ನು. ಬೆಳಗಿನ ಜಾವ ಐದಕ್ಕೇ ದೀಪ ಹೊತ್ತಿತ್ತು. ಮೇಜಿನ ಮೇಲೆ ಇಲಾಖೆ ಕಳಿಸಿದ ದಪ್ಪ ಟಿಪ್ಪಣಿ, ಸಮಿತಿಯ ಹಳೆಯ ವರದಿಗಳು, ಆ ವರದಿಗಳ ಶಿಫಾರಸುಗಳ ಮೇಲೆ ಸರ್ಕಾರ ಕೈಗೊಂಡ ಕ್ರಮದ ಹೇಳಿಕೆಗಳು ಇದ್ದವು. ಯಾವ ಶಿಫಾರಸನ್ನು ಒಪ್ಪಿದ್ದಾರೆ, ಯಾವುದನ್ನು ಒಪ್ಪಿಯೂ ಮಾಡಿಲ್ಲ ಎಂದು ಅವರು ಅಂಚಿನಲ್ಲಿ ಗುರುತು ಹಾಕುತ್ತಿದ್ದರು. ಈ ವರದಿಗಳು ಸಂಸತ್ತಿನ ಜಾಲತಾಣದಲ್ಲಿ ಯಾರು ಬೇಕಾದರೂ ಓದುವಂತೆ ಇವೆ. ನಮ್ಮ ಊರಿನ ಎಷ್ಟು ಮಂದಿ ಒಂದನ್ನಾದರೂ ಓದಿದ್ದೇವೆ ಎಂದು ಯೋಚಿಸಿ ನನಗೆ ಬೇಸರವಾಯಿತು.

ಸಭೆಯಿಂದ ಮರಳಿದ ಮೇಲೆ ಒಳಗಿನ ಮಾತನ್ನು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಒಂದನ್ನು ಮಾತ್ರ ಹೇಳಿದರು: ಮಂಗಳವಾರ ಪೀಠದ ಮುಂದೆ ಫಲಕ ಹಿಡಿದು ನಿಂತಿದ್ದವರೊಬ್ಬರೂ ಆ ಸಮಿತಿಯಲ್ಲಿದ್ದರು, ಇಬ್ಬರೂ ಪಕ್ಕಪಕ್ಕದಲ್ಲೇ ಕೂತು ಒಂದೇ ವಿಷಯದ ಮೇಲೆ ಒಬ್ಬರಾದ ಮೇಲೊಬ್ಬರು ಕೇಳಿದರು. ಕ್ಯಾಮೆರಾ ಇಲ್ಲದಿರುವುದೇ ಇದಕ್ಕೆ ಕಾರಣ ಎಂದು ನನಗನ್ನಿಸುತ್ತದೆ. ಹಾಗಿದ್ದೂ ಸಮಿತಿಗಳಿಗೆ ಹೋಗುವ ಮಸೂದೆಗಳು ಕಡಿಮೆಯಾಗುತ್ತ ಬಂದಿವೆ. ಹದಿನೈದನೇ ಲೋಕಸಭೆಯ ಅವಧಿಯಲ್ಲಿ ಶೇ 71ರಷ್ಟು ಮಸೂದೆಗಳು ಸಮಿತಿಗಳ ಪರಿಶೀಲನೆಗೆ ಹೋಗಿದ್ದರೆ, ಹದಿನೇಳನೆಯದರಲ್ಲಿ ಹೋದದ್ದು ಶೇ 16ರಷ್ಟು. ಸದನದ ಗದ್ದಲ ನಮ್ಮನ್ನು ಕೆರಳಿಸುವಷ್ಟು ಈ ಇಳಿಕೆ ಕೆರಳಿಸುವುದಿಲ್ಲ. ಆದರೆ ದೇಶಕ್ಕೆ ಆಗುವ ನಷ್ಟ ಇದರಿಂದಲೇ ಹೆಚ್ಚು.

ಗುರುವಾರ

ಮಂಗಳವಾರ ಹೇಳಲಾಗದ್ದನ್ನು ಹೇಳಲು ಇನ್ನೊಂದು ಬಾಗಿಲು ಇತ್ತು: ಲೋಕಸಭೆಯ ನಿಯಮ 377. ದಿನಕ್ಕೆ 20 ಸದಸ್ಯರಿಗೆ ಇದರಡಿ ಅವಕಾಶವಿದೆ. ಒಬ್ಬರಿಗೆ ವಾರಕ್ಕೆ ಒಂದೇ ವಿಷಯ, 250 ಪದಗಳ ಮಿತಿ, ಮೊದಲೇ ಅನುಮೋದನೆಯಾದ ಪಠ್ಯವನ್ನಷ್ಟೇ ಓದಬೇಕು. ಸಂಬಂಧಪಟ್ಟ ಮಂತ್ರಿಗಳು ನಂತರ ಪತ್ರದ ಮೂಲಕ ಉತ್ತರಿಸುತ್ತಾರೆ. ಪ್ರಶ್ನೋತ್ತರ ಮುಗಿದ ಮೇಲೆ ಸದಸ್ಯರು ತುರ್ತು ವಿಷಯ ಎತ್ತುವ ಶೂನ್ಯವೇಳೆಯ ಅಬ್ಬರ ಇದಕ್ಕಿಲ್ಲ. ಶೂನ್ಯವೇಳೆಯಲ್ಲಿ ಮಾತನಾಡಿದರೆ ಸಂಜೆಯೊಳಗೆ ಊರಿನ ಎಲ್ಲರ ಫೋನಿಗೂ ವಿಡಿಯೊ ತಲುಪುತ್ತದೆ. ನಿಯಮ 377ರಡಿ ಓದಿದರೆ ಸರ್ಕಾರದ ಪತ್ರ ಬರುತ್ತದೆ. ಇವರು ಪತ್ರವನ್ನು ಆರಿಸಿಕೊಂಡರು.

ಪಠ್ಯವನ್ನು ಅವರು ಕನ್ನಡದಲ್ಲೇ ಓದಿದರು. ಮೊದಲೇ ತಿಳಿಸಿದರೆ ಭಾಷಾಂತರಕಾರರು ಸಿದ್ಧರಿರುತ್ತಾರೆ, ಉಳಿದ ಸದಸ್ಯರು ಕಿವಿಗೆ ಹಾಕಿಕೊಂಡು ಕೇಳಬಹುದು. 1967ರಲ್ಲಿ ಶಿವಮೊಗ್ಗದಿಂದ ಆರಿಸಿಬಂದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿದಾಗ ಈ ಅನುಕೂಲ ಇರಲಿಲ್ಲ. ಅವರು ತೆರೆದ ದಾರಿ ಇಷ್ಟು ವರ್ಷಗಳ ನಂತರವೂ ಸವೆದಿಲ್ಲ; ನಮ್ಮವರಲ್ಲಿ ಅದನ್ನು ಬಳಸುವವರು ಇನ್ನೂ ಕಡಿಮೆ. ‘ಲಾವಣಿ’ ಎಂಬ ಪದ ಸಂಸತ್ತಿನ ಕಡತಕ್ಕೆ ಗೇಣಿಯ ಅರ್ಥದಲ್ಲೇ ಸೇರಿದ್ದನ್ನು ಟಿವಿಯಲ್ಲಿ ನೋಡುತ್ತ ನನಗೆ ನಿಜವಾಗಿಯೂ ಹೆಮ್ಮೆಯಾಯಿತು.

ಶುಕ್ರವಾರ

ಶುಕ್ರವಾರದ ಕೊನೆಯ ಎರಡೂವರೆ ಗಂಟೆ ಖಾಸಗಿ ಸದಸ್ಯರ ಕಲಾಪಕ್ಕೆ ಮೀಸಲು. ಮಂತ್ರಿಯಲ್ಲದ ಯಾವ ಸದಸ್ಯರೂ ತಮ್ಮದೇ ಮಸೂದೆ ತರಬಹುದಾದ ಸಮಯ ಅದು. ಇದುವರೆಗೆ ಎರಡೂ ಸದನಗಳು ಒಪ್ಪಿ ಕಾನೂನಾದ ಅಂಥ ಮಸೂದೆಗಳು 14 ಮಾತ್ರ, 1970ರ ನಂತರ ಒಂದೂ ಇಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಸದನ ಖಾಲಿಯಾಗತೊಡಗುತ್ತದೆ, ಎಲ್ಲರಿಗೂ ಊರಿನ ವಿಮಾನದ ಆತುರ. ಸದನ ನಡೆಯಲು ಬೇಕಾದ ಕನಿಷ್ಠ ಹಾಜರಿ, ಅಂದರೆ ಕೋರಂ, ಒಟ್ಟು ಸದಸ್ಯರ ಹತ್ತನೇ ಒಂದು ಭಾಗ, ಲೋಕಸಭೆಯಲ್ಲಿ 55. ಇವರು ಕೊನೆಯವರೆಗೆ ಕೂತು, ರಾತ್ರಿಯ ವಿಮಾನದಲ್ಲಿ ಹೈದರಾಬಾದಿಗೆ ಬಂದು, ಅಲ್ಲಿಂದ ರಸ್ತೆಯಲ್ಲಿ ಊರು ಸೇರಿದರು. ನಾನೂ ಜೊತೆಗಿದ್ದೆ, ದಾರಿಯುದ್ದಕ್ಕೂ ಅವರು ಫೋನಿನಲ್ಲೇ ಇದ್ದರು.

ಶನಿವಾರ

ಬೆಳಿಗ್ಗೆ ಜಿಲ್ಲಾ ಪಂಚಾಯಿತಿ ಸಭಾಂಗಣದಲ್ಲಿ ದಿಶಾ ಸಭೆ. ಕೇಂದ್ರದ ಯೋಜನೆಗಳು ಜಿಲ್ಲೆಯಲ್ಲಿ ಹೇಗೆ ನಡೆಯುತ್ತಿವೆ ಎಂದು ನೋಡುವ ಈ ಸಮಿತಿಗೆ ಲೋಕಸಭಾ ಸದಸ್ಯರೇ ಅಧ್ಯಕ್ಷರು. ಇಲಾಖೆಗಳ ಅಂಕಿಅಂಶಗಳ ಓದು ದೀರ್ಘವಾಗಿತ್ತು. ಅದರ ವಿವರ ಇಲ್ಲಿ ಬೇಡ.

ಮಧ್ಯಾಹ್ನ ಅವರು ಹೋದದ್ದು ಹಳ್ಳಿಯೊಂದರ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಕ್ಕೆ. ತೊಗರಿ ಮಾರುವವರ ನೋಂದಣಿ ನಡೆಯುತ್ತಿತ್ತು. ಫ್ರೂಟ್ಸ್ ಸಂಖ್ಯೆ (ರಾಜ್ಯ ಸರ್ಕಾರದ ರೈತ ನೋಂದಣಿ ಸಂಖ್ಯೆ), ಆಧಾರ್, ಬ್ಯಾಂಕ್ ಪುಸ್ತಕ ಹಿಡಿದು ಜನ ಸಾಲಿನಲ್ಲಿದ್ದರು. ಸಂಘದ ಕಾರ್ಯದರ್ಶಿ ತೇವಾಂಶದ ಮಾತು ಎತ್ತಿದರು: ಶೇ 12ಕ್ಕಿಂತ ಹೆಚ್ಚು ತೇವವಿದ್ದರೆ ಕಾಳು ತಿರಸ್ಕೃತವಾಗುತ್ತದೆ, ಆದ್ದರಿಂದ ಒಣಗಿಸಿ ತರುವಂತೆ ಎಲ್ಲರಿಗೂ ತಿಳಿಸಬೇಕು. ಸಾಲಿನ ಹೊರಗೆ ಗೋಡೆಗೆ ಒರಗಿ ನಿಂತಿದ್ದ ಹಿರಿಯರೊಬ್ಬರನ್ನು ಸಂಸದರು ತಾವಾಗಿಯೇ ಮಾತನಾಡಿಸಿದರು.

“ಯಾಕ್ರಿ ಕಾಕಾ, ನೀವ್ಯಾಕ ಪಾಳಿ ಹಚ್ಚಿಲ್ಲ?”

“ಹೊಲ ಸಾವುಕಾರ್ರ ಹೆಸರಿನಾಗ ಅದ್ರಿ. ಬೆಳಿ ನಂದು, ಪಹಣಿ ಅವರದು. ಹೆಸರು ಅವರೇ ಹಚ್ಚಬೇಕು, ರೊಕ್ಕನೂ ಅವರ ಖಾತೆಗೇ ಬೀಳ್ತದ.”

“ಬಿದ್ದ ಮ್ಯಾಲೆ ನಿಮಗ ಕೊಡ್ತಾರಲ್ಲ?”

“ಕೊಡ್ತಾರ್ರಿ. ಲಾವಣಿ ಬಾಕಿ, ಬಡ್ಡಿ ಎಲ್ಲ ಮುರಕೊಂಡು ಉಳದದ್ದು ಕೊಡ್ತಾರ. ಅದಕ್ಕ ಭಾಳ ಮಂದಿ ದಲಾಲಿ ಅಂಗಡಿಗೇ ಹಾಕಿಬಿಡ್ತೀವ್ರಿ. ರೇಟು ಕಡಿಮಿ ಸಿಕ್ಕರೂ ರೊಕ್ಕ ನಮ್ಮ ಕೈಗೆ ಬರ್ತದ.”

ಕಾರ್ಯದರ್ಶಿ ಇದನ್ನು ಒಪ್ಪಿದರು. ನೆಲದ ಮಾಲೀಕರ ಒಪ್ಪಿಗೆ ಪತ್ರದ ಮೇಲೆ ಬೆಳೆದವನ ಖಾತೆಗೇ ಹಣ ಹಾಕುವ ಅವಕಾಶ ಸಿಕ್ಕರೆ ತಮ್ಮ ಸಂಘದಲ್ಲಿ ನಾಳೆಯಿಂದಲೇ ಜಾರಿಗೆ ತರಬಹುದು ಎಂದೂ ಹೇಳಿದರು. ಆದರೆ ಹಾಗೆ ಪತ್ರ ಬರೆದುಕೊಟ್ಟರೆ ಜಮೀನು ಲಾವಣಿಗೆ ಕೊಟ್ಟಿದ್ದಕ್ಕೆ ಅದೇ ಸಾಕ್ಷಿಯಾಗುತ್ತದೆ ಎಂಬ ಹೆದರಿಕೆ ಮಾಲೀಕರಿಗೆ. ಗಂಟು ಬಿಗಿದಿರುವುದು ಇಲ್ಲಿ. ಒಂದು ತುದಿ ಬೆಂಗಳೂರಿನಲ್ಲಿದೆ, ಇನ್ನೊಂದು ದಿಲ್ಲಿಯಲ್ಲಿ. ದಿಲ್ಲಿಯ ತುದಿಯನ್ನಷ್ಟೇ ಈ ಸಂಸದರು ಎಳೆಯಬಲ್ಲರು.

ಭಾನುವಾರ

ಹಿರಿಯರ ಮಾತನ್ನು ಸಂಸದರು ಸಣ್ಣ ಪುಸ್ತಕದಲ್ಲಿ ಬರೆದುಕೊಂಡಿದ್ದರು. ದಿಲ್ಲಿಗೆ ಹೊರಡುವ ಮುನ್ನ, ಮನೆಯ ಅಂಗಳದಲ್ಲಿ ಜನ ಕಾಯುತ್ತಿದ್ದರೂ ಒಳಗೆ ಅರ್ಧ ಗಂಟೆ ಕೂತು ಸಹಾಯಕರಿಗೆ ಎರಡು ಕರಡು ಹೇಳಿ ಬರೆಸಿದರು. ಒಂದು ರಾಜ್ಯದ ಕಂದಾಯ ಸಚಿವರಿಗೆ ಪತ್ರ: ಗೇಣಿಯ ಹಕ್ಕು ಹುಟ್ಟದಂತೆ, ಬೆಳೆ ಮಾರಾಟಕ್ಕಷ್ಟೇ ಸೀಮಿತವಾದ ಒಪ್ಪಿಗೆ ಪತ್ರಕ್ಕೆ ಕಾನೂನಿನ ರಕ್ಷಣೆ ಕೊಡಬಹುದೇ ಎಂಬ ವಿಚಾರಣೆ. ಇನ್ನೊಂದು, ಬಜೆಟ್ ಅಧಿವೇಶನಕ್ಕೆ ಕರೆ ಬಂದ ಕೂಡಲೇ ಸಲ್ಲಿಸಬೇಕಾದ ಪ್ರಶ್ನೆ. ಈ ಸಲ ಅವರು ಎಲ್ಲವನ್ನೂ ಉಪಪ್ರಶ್ನೆಗೆ ಬಿಡಲಿಲ್ಲ. ಹಣ ಪಾವತಿ ಜಮೀನಿನ ಮಾಲೀಕರ ಖಾತೆಗೇ ಆಗಬೇಕೆಂದು ಕೇಂದ್ರದ ಮಾರ್ಗಸೂಚಿಯಲ್ಲಿ ಎಲ್ಲಿ ಹೇಳಿದೆ, ರಾಜ್ಯವೊಂದು ಬೆಳೆದವನ ಖಾತೆಗೆ ಕೊಡಲು ಮುಂದೆ ಬಂದರೆ ಕೇಂದ್ರ ಒಪ್ಪುತ್ತದೆಯೇ ಎಂದು ನೇರವಾಗಿ ಕೇಳಿದರು. ಲಾಟರಿಯಲ್ಲಿ ನಕ್ಷತ್ರದ ಗುರುತು ಸಿಗದಿದ್ದರೂ, ಸದನದಲ್ಲಿ ಗದ್ದಲವೇ ನಡೆದರೂ, ಲಿಖಿತ ಉತ್ತರವೇ ಸಾಕಾಗುವಂತೆ ಪ್ರಶ್ನೆಯನ್ನು ಕಟ್ಟಲಾಗಿತ್ತು. ಸಹಾಯಕರು ಪದಗಳನ್ನು ಎಣಿಸಿದರು: 150ರ ಮಿತಿಯೊಳಗೇ ಇತ್ತು. ಅದನ್ನು ಕಡತಕ್ಕೆ ಹಾಕಿ ಸಂಸದರು ಅಂಗಳಕ್ಕೆ ಬಂದು, ಮೊದಲು ಕಾಯುತ್ತಿದ್ದವರ ಅರ್ಜಿ ತೆಗೆದುಕೊಂಡರು.